ಗೋಡೆಗೆ ತೊಡಿಸಿದ ಬಳೆ

ಮಧ್ಯಾಹ್ನದ ಸೈರನ್ ಕೂಗಿದ ಕೂಡಲೇ ಶಿವಗಂಗಮ್ಮ ಸೆರಗು ಬಿಚ್ಚಿ ಗಂಡನ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು. ಸುರಂಗ ರಸ್ತೆಗೆಂದು ನೆಲದಡಿಯಲ್ಲಿ ಬಂಡೆ ಸಿಡಿಸುತ್ತಿದ್ದರು. ಸಿಡಿದಾಗಲೆಲ್ಲ ಗೋಡೆಯ ಗಾರೆ ಮರಿಯಪ್ಪನ ಮೇಲೆ ಉದುರುತ್ತಿತ್ತು. ಲಕ್ವ ಹೊಡೆದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮನುಷ್ಯ. ಇದ್ದದ್ದು ಒಂದೇ ಕೋಣೆ. ಮಂಚ ಸರಿಸೋಣವೆಂದರೆ ಇತ್ತ ಒಲೆ, ಅತ್ತ ಬಚ್ಚಲು.

ಬಿನ್ನಿಪೇಟೆಯ ಮಿಲ್ಲು ಹೋಗಿ ಅಪಾರ್ಟ್‌ಮೆಂಟು ಎದ್ದಿತ್ತು. ಮಿಲ್ಲಿನ ಕೂಲಿಯವರ ಹಳೇ ಲೈನ್‌ಮನೆಗಳು ಮಾತ್ರ ಅದರ ಬೆನ್ನಿಗೆ ಅಂಟಿಕೊಂಡು ಉಳಿದಿದ್ದವು. ಮಗ್ಗದ ಮುಂದೆ ಸವೆದ ಮರಿಯಪ್ಪ ಈಗ ಆ ಗೋಡೆಯ ಪಕ್ಕ ಮಲಗಿದ್ದ. ಗೋಡೆ ನಿಂತರೆ ಅವನು ಉಳಿದ, ಇಲ್ಲವಾದರೆ ಇಲ್ಲ.

ಸುರಂಗದ ಕಂಪನಿಯ ಸೂಪರ್‌ವೈಸರ್ ನಾಗೇಂದ್ರ ಮೊದಲ ಸಲ ಬಂದಾಗ ಬೂಟು ಹೊರಗೆ ಬಿಟ್ಟೇ ಒಳಗೆ ಬಂದಿದ್ದ. ಗೋಡೆಯ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯಿಟ್ಟು ಎರಡೂ ತುದಿಗೆ ಅಂಟು ಹಾಕಿದ.

"ಕೆಳಗಡೆ ಬಂಡೆ ಗಟ್ಟಿಯಿಲ್ಲಮ್ಮ. ಬರೀ ಸೀಳು, ಸಂದು. ನೆಲ ಚೂರು ಅಲುಗಿದ್ರೂ ಈ ಗಾಜು ಒಡೆದುಹೋಗುತ್ತೆ. ಒಡೆದ ದಿನ ಕೆಲಸ ನಿಲ್ಲಿಸ್ತೀವಿ."

"ನಿಜವಾಗ್ಲೂ ನಿಲ್ಲಿಸ್ತೀರಾ ಸಾರ್?"

"ದೇವರಾಣೆಗೂ."

ಆ ಆಣೆಯನ್ನು ಶಿವಗಂಗಮ್ಮ ನಂಬಿದಳು. ಗಂಡನನ್ನು ಕಾಯುವ ಗಾಜು ಅವಳಿಗೆ ಬರಿಯ ಗಾಜಾಗಿ ಉಳಿಯಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಅದಕ್ಕೆ ಕುಂಕುಮವಿಟ್ಟಳು, ಮೇಲೊಂದು ಕನಕಾಂಬರ ಸಿಕ್ಕಿಸಿದಳು.

"ಗಾಜಿಗೆ ಪೂಜೆ ಮೊದ್ಲು, ನಂಗೆ ಕಾಫಿ ಆಮೇಲೆ," ಮರಿಯಪ್ಪ ರೇಗಿಸಿದ. "ನಾನೂ ಗೋಡೆಗೆ ಅಂಟ್ಕೊಂಡಿರ್ಬೇಕಿತ್ತು ಕಣೇ."

ಒಂದು ಮಧ್ಯಾಹ್ನ ಗಾಜು ಎರಡು ಹೋಳಾಯಿತು. ಶಿವಗಂಗಮ್ಮ ಓಡಿಹೋಗಿ ನಾಗೇಂದ್ರನನ್ನು ಕರೆತಂದಳು. ಕುಂಕುಮ ಕಂಡದ್ದೇ ಅವನು ನಕ್ಕ.

"ದಿನಾ ಬೆರಳಲ್ಲಿ ಹಿಂಗೆ ಒತ್ತಿದ್ರೆ ಗಾಜು ಉಳಿಯುತ್ತೇನ್ರೀ? ನೀವೇ ಒಡೆದಿದೀರ."

ಹೊಸ ಗಾಜು ಅಂಟಿಸಿ, ಮೊಬೈಲಿನಲ್ಲಿ ಅದರ ಫೋಟೋ ಹಿಡಿದು ಹೊರಟ. ಫೋಟೋದಲ್ಲಿ ಗಾಜು ಇಡಿಯಾಗಿತ್ತು. ಅಂದ ಮೇಲೆ ಕಂಪನಿಯ ಲೆಕ್ಕದಲ್ಲಿ ಗೋಡೆ ಅಲುಗಿಲ್ಲ, ಕೆಲಸ ನಿಲ್ಲಬೇಕಿಲ್ಲ!

"ನಿನ್ನ ಭಕ್ತಿ ನಮ್ಮೆಲ್ರ ತಲೆ ಮೇಲೆ ಬಂತಲ್ಲೇ ಗಂಗಾ," ಪಕ್ಕದ ಮನೆಯ ಅಕ್ಕಯ್ಯಮ್ಮ ಎಲ್ಲರೆದುರು ಅಂದುಬಿಟ್ಟಳು. ಶಿವಗಂಗಮ್ಮನಿಗೆ ಅಂದು ಊಟ ಸೇರಲಿಲ್ಲ. ತನ್ನ ಕೈಯೇ ಗಂಡನಿಗೆ ಕೇಡು ತಂದಿತೇನೋ ಎಂದು ಬೆರಳು ನೋಡಿಕೊಂಡಳು.

ಎರಡನೆಯ ಗಾಜನ್ನು ಮುಟ್ಟಲಿಲ್ಲ. ಪೊರಕೆ ಕೂಡ ಅತ್ತ ತಾಗಿಸಲಿಲ್ಲ. ಅದೂ ಒಡೆಯಿತು. ಬಿರುಕಿನಲ್ಲಿ ಈಗ ಕಿರುಬೆರಳು ಹೋಗುತ್ತಿತ್ತು.

ಈ ಸಲ ನಾಗೇಂದ್ರ ಬೂಟಿನಲ್ಲೇ ಒಳಗೆ ಬಂದ.

"ನಾನು ಮುಟ್ಟಿಲ್ಲ ಸಾರ್."

"ಇಲಿ ಓಡಾಡಿರುತ್ತೆ."

ಒಡೆದ ಗಾಜನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಅದರ ಜಾಗಕ್ಕೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ. "ಇದು ಒಡೆಯಲ್ಲ. ನಿಮಗೂ ತಲೆನೋವಿಲ್ಲ, ನಮಗೂ ಇಲ್ಲ."

"ಒಡೀದೆ ಇದ್ರೆ ನಮಗೆ ಗೊತ್ತಾಗೋದು ಹೆಂಗೆ?"

"ಗೊತ್ತಾಗಿ ನೀವೇನ್ ಮಾಡ್ತೀರ?"

ಶಿವಗಂಗಮ್ಮ ಪಾತ್ರೆ ತಿಕ್ಕುವುದು ಆ ಅಪಾರ್ಟ್‌ಮೆಂಟಿನಲ್ಲೇ. ಅಲ್ಲಿನ ಗೋಡೆಗೆ ಇದೇ ಕಂಪನಿ ಅಲುಗಾಟ ಅಳೆಯುವ ಯಂತ್ರ ಕೂರಿಸಿತ್ತು. ಹೋದ ವಾರ ಅದು ಬೀಪ್ ಅಂದದ್ದಕ್ಕೇ ಸುರಂಗದ ಕೆಲಸ ನಿಂತಿತ್ತು. ಬಿಳಿ ಹೆಲ್ಮೆಟ್ಟಿನ ಇಂಜಿನಿಯರುಗಳು ಬಂದು ಕೈಮುಗಿದು ಹೋಗಿದ್ದರು.

"ಅವ್ರಿಗೆ ನಿಲ್ಲಿಸಿದ್ರಲ್ಲ?"

"ಅದು ಅಪಾರ್ಟ್‌ಮೆಂಟು ಕಣಮ್ಮ," ಎಂದು ನಾಗೇಂದ್ರ ಫೋಟೋ ತೆಗೆದ.

 ಅವನು ಹೋದ ಮೇಲೆ ಶಿವಗಂಗಮ್ಮ ಪ್ಲಾಸ್ಟಿಕ್ ಪಟ್ಟಿ ಕಿತ್ತೆಸೆದು, ಬೊಗಸೆ ಸಿಮೆಂಟು ಕಲಸಿ, ಕೈಯಲ್ಲಿದ್ದಷ್ಟೂ ಹಸಿರು ಗಾಜಿನ ಬಳೆ ಕಳಚಿ ಹೊಸಿಲ ಮೇಲಿಟ್ಟು ಗುಂಡುಕಲ್ಲು ಎತ್ತಿದಳು.

ಬಾಗಿಲಲ್ಲಿ ನಿಂತಿದ್ದ ಅಕ್ಕಯ್ಯಮ್ಮ ಚೀರಿದಳು. "ಅಯ್ಯೋ ನಿನ್ನ! ಗಂಡ ಕಣ್ಣೆದುರಿಗಿರೋವಾಗ ಮುತ್ತೈದೆ ಬಳೆ ಒಡೀತಾಳೇನೇ?"

ಶಿವಗಂಗಮ್ಮನ ಕೈ ಅಲ್ಲೇ ನಿಂತಿತು. ಅವಳು ಮಂಚದ ಕಡೆ ನೋಡಿದಳು.

"ಒಡಿ," ಎಂದ ಮರಿಯಪ್ಪ. ದನಿಯಲ್ಲಿ ತಮಾಷೆಯಿರಲಿಲ್ಲ. "ಈ ಗೋಡೆ ನನ್ನ ಮೇಲೆ ಬಿದ್ರೆ ಊರವ್ರೇ ಬಂದು ಒಡೀತಾರೆ. ಅದ್ಕಿಂತ ಮುಂಚೆ ನೀನೇ ಒಡಿ."

ಅವಳು ಒಡೆದಳು. ಬಳೆಯ ತುಂಡುಗಳನ್ನು ಬಿರುಕಿನುದ್ದಕ್ಕೂ ಅಡ್ಡಡ್ಡ ಇಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿದಳು. ಅಕ್ಕಯ್ಯಮ್ಮ ತಿರುಗಿ ತನ್ನ ಮನೆಗೆ ಹೋದಳು. ಅವಳ ಗೋಡೆಯಲ್ಲೂ ಬಿರುಕಿತ್ತು. ತುಸು ಹೊತ್ತಿಗೆ ಅಲ್ಲಿಂದಲೂ ಕಲ್ಲಿನ ಸದ್ದು ಕೇಳಿತು. ಆಮೇಲೆ ಅದರಾಚೆಯ ಮನೆಯಲ್ಲಿ. ಕತ್ತಲಾಗುವ ಹೊತ್ತಿಗೆ ಇಡೀ ಲೈನಿನ ಗೋಡೆಗಳು ಬಳೆ ತೊಟ್ಟಿದ್ದವು. ಹೆಂಗಸರ ಕೈಗಳು ಬೋಳಾಗಿದ್ದವು.

ಸಿಮೆಂಟು ಒಣಗಿದ ಮೇಲಿನ ಮಧ್ಯಾಹ್ನ ಸೈರನ್ ಕೂಗಿತು. ಶಿವಗಂಗಮ್ಮ ಗಂಡನಿಗೆ ಸೆರಗು ಹಿಡಿದಳು, ಕಣ್ಣು ಮಾತ್ರ ಗೋಡೆಯ ಮೇಲೆಯೇ ಇತ್ತು. ನೆಲ ನಡುಗಿತು. ಟಣ್ ಎಂದು ಬಳೆ ಮುರಿಯಿತು.

"ಗಂಗಾ, ನಂದೂ ಹೋಯ್ತು!" ಗೋಡೆಯಾಚೆಯಿಂದ ಅಕ್ಕಯ್ಯಮ್ಮ ಕೂಗಿದಳು. ಇನ್ನೊಂದು ಮನೆಯಿಂದ ಇನ್ನೊಂದು ದನಿ.

ಲೈನಿನ ಹೆಂಗಸರೆಲ್ಲ ಸೇರಿ ಮರಿಯಪ್ಪನನ್ನು ಮಂಚಸಮೇತ ಎತ್ತಿಕೊಂಡು ನಡೆದು, ಸುರಂಗದ ಗೇಟಿಗೆ ಅಡ್ಡಲಾಗಿ ಇಳಿಸಿದರು. ಒಳಹೋಗಬೇಕಿದ್ದ ಲಾರಿ ಹಾರನ್ ಹೊಡೆಯಿತು. ನಾಗೇಂದ್ರ ಬೈಯುತ್ತಲೇ ಓಡಿಬಂದ.

ಸಾಲಾಗಿ ನಿಂತ ಬೋಳು ಕೈಗಳನ್ನು ಕಂಡು ಅವನು ತಲೆಯ ಹೆಲ್ಮೆಟ್ಟು ತೆಗೆದ. ಅವನೂ ಹೆಂಗಸರಿದ್ದ ಮನೆಯಲ್ಲೇ ಹುಟ್ಟಿದವನು.

"ಯಾರು... ಯಾರು ತೀರ್ಕೊಂಡ್ರು?"

"ಇನ್ನೂ ಯಾರೂ ಇಲ್ಲ," ಎಂದಳು ಶಿವಗಂಗಮ್ಮ. "ಅದಕ್ಕೇ ಬಂದಿದೀವಿ. ನಿಲ್ಸು."