ಹೇಸರಗತ್ತೆಯ ಕೊರಳಿಗೆ ಎತ್ತಿನ ಗಂಟೆ

ನಾನು ಒಂದು ಗಂಟೆ. ಗುಡಿಯ ಗಂಟೆಯಲ್ಲ, ಬಂದವರೆಲ್ಲ ಕೈಯೆತ್ತಿ ಬಡಿದು ಹೋಗಲಿ ಎಂದು ತೂಗುಬಿದ್ದವನು ನಾನಲ್ಲ. ಶಾಲೆಯ ಗಂಟೆಯಂತೂ ಅಲ್ಲವೇ ಅಲ್ಲ. ನಾನು ಓಟದ ಎತ್ತಿನ ಕೊರಳ ಗಂಟೆ, ಅಪ್ಪಟ ಕಂಚು. ಜಂಬ ಅಂದುಕೊಂಡರೆ ಅಂದುಕೊಳ್ಳಿ. ನನ್ನ ಕಥೆ ಕೇಳಿದ ಮೇಲೆ ನೀವೇ ಹೌದೆನ್ನುತ್ತೀರಿ.

ಮುಧೋಳದ ಕಡೆಯ ಒಂದು ಹಳ್ಳಿಯಲ್ಲಿ ಮೌನಪ್ಪನೆಂಬ ಕಂಚುಗಾರನ ಕುಲುಮೆಯಲ್ಲಿ ನಾನು ಹುಟ್ಟಿದೆ. ಅವನು ಮೇಣದಲ್ಲಿ ನನ್ನ ಆಕಾರ ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಜಾಗಕ್ಕೆ ಕರಗಿದ ಕಂಚು ಹೊಯ್ದ. ಆರಿದ ಮೇಲೆ ಮಣ್ಣೊಡೆದು ಹೊರತೆಗೆದು, ನಾಲಿಗೆ ಕಟ್ಟಿ, ಒಮ್ಮೆ ಅಲ್ಲಾಡಿಸಿದ. ಹೊಳೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿ ನೋಡಿದರು. "ಇದು ಬಾಯಿಬಡಕ ಆತು ನೋಡು," ಎಂದು ಮೌನಪ್ಪ ನಕ್ಕ. ಹೆಸರು ಮೌನಪ್ಪ, ಹುಟ್ಟಿಸಿದ್ದು ನನ್ನಂಥದ್ದನ್ನು!

ನನ್ನನ್ನು ಕೊಂಡವನು ಬಾಳಪ್ಪ. ಅವನ ಎತ್ತಿನ ಹೆಸರು ಸಾರಂಗ. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಓಡಿಸುವಾಗ ನಾನು ಸಾರಂಗನ ಕೊರಳಲ್ಲಿ ಕುಣಿಯುತ್ತಿದ್ದೆ. ನಮ್ಮ ಊರಿನ ಪದ್ಧತಿ ಸರಳ: ನಮ್ಮ ಎತ್ತು ಓಡುವಾಗ ಗಂಟಲು ಹರಿಯುವಂತೆ ಕೂಗಬೇಕು. ಸದ್ದು ಜೋರಾದಷ್ಟೂ ಎತ್ತಿಗೆ ಹುರುಪು. ಬಾಳಪ್ಪನ ಮಗಳು ನೀಲಗಂಗಾ ಬದುವಿನ ಮೇಲೆ ನಿಂತು ಕೂಗಿದರೆ ಅವಳ ದನಿ ನನ್ನ ದನಿಗೆ ಸರಿಸಮ. ಹಾಗೆ ಅನ್ನಲು ನನಗೇನೂ ಸಂಕೋಚವಿಲ್ಲ, ಅಷ್ಟು ದೊಡ್ಡ ಗಂಟಲು ಅವಳದು.

ಸಾರಂಗ ಮುದಿಯಾಗಿ ಸತ್ತ. ಅದೇ ವರ್ಷ ನೀಲಾಳ ಮದುವೆಯಾಯಿತು. ಗಂಡ ರಾಚಪ್ಪ ದನದ ಡಾಕ್ಟರು. ಅಮೆರಿಕದಲ್ಲಿ, ಹಾಲಿನ ಹಸುಗಳೇ ಹೆಚ್ಚಿರುವ ಹಾರ್ಲನ್‌ಪೋರ್ಟ್ ಎಂಬ ಊರಿನಲ್ಲಿ ಅವನಿಗೆ ಕೆಲಸ. ಹೊರಡುವ ದಿನ ಬಾಳಪ್ಪ ನನ್ನನ್ನು ಮಗಳ ಕೈಗಿಟ್ಟ. "ಇದು ಸುಮ್ಮ ಕುಂದರೂ ಗಂಟಿ ಅಲ್ಲವ್ವಾ. ಎಲ್ಲಿದ್ದರೂ ಬಾರಸು," ಎಂದ.

ಆದರೆ ಹಾರ್ಲನ್‌ಪೋರ್ಟಿನಲ್ಲಿ ಯಾರಿಗೆ ಬಾರಿಸುವುದು? ಹೊರಗೆ ಮಂಡಿಯುದ್ದ ಹಿಮ. ನಾನು ಕಪಾಟಿನಲ್ಲಿ ಉಣ್ಣೆಯ ಕಾಲುಚೀಲಗಳ ನಡುವೆ ಬಿದ್ದಿದ್ದೆ. ಓಟದ ಗಂಟೆಯ ಬಾಳು ಕಾಲುಚೀಲದಲ್ಲಿ ಮುಗಿಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ನನ್ನನ್ನು ಹೊರಗೆ ತಂದದ್ದು ವಾಲ್ಟ್ ಎಂಬ ಹಾಲಿನವನ ಹಸು. ಕರು ಅಡ್ಡವಾಗಿ ಸಿಕ್ಕಿಕೊಂಡು ಸಾಯುತ್ತಿದ್ದ ಅದನ್ನು ರಾಚಪ್ಪ ಉಳಿಸಿದ. ಆ ಸಂತೋಷಕ್ಕೆ ವಾಲ್ಟ್ ಗಂಡಹೆಂಡಿರನ್ನು ಫುಟ್‌ಬಾಲ್ ನೋಡಲು ಕರೆದ. ಓಟದ ಆಟವೆಂದು ಕೇಳಿ ನೀಲಾ ನನ್ನನ್ನೂ ಚೀಲಕ್ಕೆ ಹಾಕಿಕೊಂಡಳು. ಅವರ ಫುಟ್‌ಬಾಲಿನಲ್ಲಿ ಕಾಲಿನ ಕೆಲಸ ಕಡಿಮೆ. ತಲೆಗೆ ಟೋಪ, ಭುಜಕ್ಕೆ ಕವಚ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಎತ್ತಿಕೊಂಡು ಓಡುವುದು, ಇಲ್ಲವೇ ಮುಂದಕ್ಕೆ ಎಸೆಯುವುದು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಊರಿನ ತಂಡದ ಹೆಸರು ಮ್ಯೂಲ್ಸ್, ಅಂದರೆ ಹೇಸರಗತ್ತೆಗಳು! ಹಿಂದೆ ಆ ಊರಿನ ಕಾಲುವೆಯಲ್ಲಿ ದೋಣಿ ಎಳೆದದ್ದು ಅವೇ ಅಂತೆ. ಸಾರಂಗನ ಕೊರಳಲ್ಲಿದ್ದ ನಾನು ಹೇಸರಗತ್ತೆಗಳ ಬಳಗಕ್ಕೆ ಬಂದೆ. ಮೂಗು ಮುರಿಯದೆ ಇರಲಾದೀತೇ?

ಅಂದಿನ ಆಟ ಸಣ್ಣದಲ್ಲ. ಅಡ್ಮಿರಲ್ಸ್ ಎಂಬ ತಂಡದ ಮೇಲೆ ಗೆದ್ದರೆ ಮ್ಯೂಲ್ಸ್ ಕಪ್ಪಿನ ಆಟಕ್ಕೆ, ಅಂದರೆ ಫೈನಲ್ಲಿಗೆ, ಹೋಗುತ್ತಿತ್ತು. ಕೊನೆಯ ಗಳಿಗೆ. ಎರಡೇ ಅಂಕ ಹಿಂದೆ. ಚೆಂಡು ನಮ್ಮವರ ಕೈಯಲ್ಲಿ. ಎರಡು ಕಂಬದ ನಡುವಿನ ಅಡ್ಡಕಂಬಿಯ ಮೇಲಿಂದ ಚೆಂಡು ಒದ್ದರೆ ಮೂರು ಅಂಕ, ಗೆಲುವು. ನಮ್ಮವರು ಸಾಲಾಗಿ ಬಗ್ಗಿ ನಿಂತರು. ಇಡೀ ಮೈದಾನ ಸದ್ದಡಗಿ ಕೂತಿತು.

ನೀಲಾಳಿಗೆ ತಡೆಯಲಾಗಲಿಲ್ಲ. ನಮ್ಮವರು ಗೆಲ್ಲುವ ಹೊತ್ತಿಗೆ ಇಷ್ಟು ಜನ ಸತ್ತವರ ಮನೆಯವರ ಹಾಗೆ ಕೂತಿದ್ದಾರಲ್ಲ! ಚೀಲದಿಂದ ನನ್ನನ್ನು ಎಳೆದು, ಎದ್ದು ನಿಂತು, ಬದುವಿನ ಮೇಲೆ ನಿಂತ ಹಾಗೆ ಬಾರಿಸಿದಳು. ಕಾಲುಚೀಲಗಳ ನಡುವೆ ಬಿದ್ದು ಬೇಸತ್ತಿದ್ದ ನಾನು ಕೊಟ್ಟ ದನಿ ಎಂಥದು ಗೊತ್ತೆ?

ನಮ್ಮ ಸಾಲಿನ ಒಬ್ಬ ದಡಿಯ ಬೆಚ್ಚಿ ಮುಂದಕ್ಕೆ ಹಾರಿದ. ಚೆಂಡು ಏಳುವ ಮುನ್ನ ಹಾರಿದರೆ ತಪ್ಪು, ಐದು ಗಜ ಹಿಂದೆ ಹೋಗಬೇಕು. ಹಿಂದೆ ಹೋಗಿ ಒದ್ದರು. ಚೆಂಡು ಅಡ್ಡಕಂಬಿಯ ಒಂದು ಗೇಣು ಕೆಳಗೆ ಬಿತ್ತು. ಸೋತರು.

ಸುತ್ತಲಿನವರೆಲ್ಲ ತಿರುಗಿ ನೋಡಿದ ನೋಟಕ್ಕೆ ನಾನು ಮತ್ತೆ ಕರಗಿ ನೀರಾಗುತ್ತಿದ್ದೆ. ವಾಲ್ಟ್ ಮಾತ್ರ ತಲೆಯ ಮೇಲೆ ಕೈಹೊತ್ತು ಮೆಲ್ಲಗೆ ಬಿಡಿಸಿ ಹೇಳಿದ. ಅವನ ಇಂಗ್ಲಿಷನ್ನು ನನ್ನ ಮಾತಿಗೆ ತಂದು ಹೇಳುತ್ತೇನೆ: "ನಮ್ಮವರ ಕೈಲಿ ಚೆಂಡಿದ್ದಾಗ ಬಾಯಿ ಮುಚ್ಚಿಕೊಂಡಿರಬೇಕು ನೀಲಾ. ಅವರು ಒಬ್ಬರಿಗೊಬ್ಬರು ಕೂಗಿ ಹೇಳುವುದು ಕೇಳಿಸಬೇಕು. ಎದುರಾಳಿಯ ಕೈಲಿದ್ದಾಗ ಮೈದಾನ ಕಿತ್ತುಹೋಗುವ ಹಾಗೆ ಬಾರಿಸು."

"ಇದೆಂಥಾ ಆಟಾರೀ?" ಎಂದು ನೀಲಾ ದಾರಿಯುದ್ದಕ್ಕೂ ಗಂಡನ ಮುಂದೆ ಅತ್ತಳು. "ನಮ್ಮವರಿಗೆ ಮೌನ, ವೈರಿಗೆ ಗಂಟಿ! ನಮ್ಮೂರಾಗ ಯಾರರ ಹಿಂಗ ಮಾಡ್ತಾರೇನು?"

ಆಮೇಲೆ ಮ್ಯೂಲ್ಸ್ ಕಪ್ಪಿನ ಹತ್ತಿರಕ್ಕೂ ಸುಳಿಯಲಿಲ್ಲ. ಊರಿನವರು ಅದಕ್ಕೆ 'ಗಂಟೆಯ ಶಾಪ' ಎಂದು ಹೆಸರಿಟ್ಟರು. ತಮಾಷೆಗೇ ಅನ್ನುತ್ತಿದ್ದರು, ನೀಲಾ ನಗುತ್ತಲೂ ಇದ್ದಳು. ಮನೆಗೆ ಬಂದು ರಾಚಪ್ಪನ ಮುಂದೆ, "ನಾ ಸೋಲಿಸಿದ ಆಟಾ ನಾನಾ ಗೆಲ್ಲಿಸಿ ಕೊಡಬೇಕ್ರಿ. ಅಲ್ಲೀತನಕ ನನ್ನ ಜೀವಕ್ಕ ಸಮಾಧಾನ ಇಲ್ಲ," ಎನ್ನುತ್ತಿದ್ದಳು.

ವಾಲ್ಟನ ಪಕ್ಕದ ಎರಡು ಸೀಟು ವರ್ಷಾನುವರ್ಷ ನಮ್ಮವಾದವು. ನಮ್ಮವರ ಕೈಯಲ್ಲಿ ಚೆಂಡಿದ್ದಾಗ ನೀಲಾ ಎರಡು ಬೆರಳಿನಿಂದ ನನ್ನ ನಾಲಿಗೆ ಹಿಡಿದು ಕೂರುತ್ತಿದ್ದಳು. ಚೆಂಡು ಅವರಿಗೆ ಹೋಯಿತೋ, ಬೆರಳು ಬಿಡುತ್ತಿದ್ದಳು. ಆಗ ನೋಡಬೇಕಿತ್ತು ನನ್ನ ದರ್ಬಾರು! ಅವಳು ತರುತ್ತಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಗುತ್ತಿದ್ದವು. ವಾಲ್ಟ್ ಕಣ್ಣಲ್ಲಿ ನೀರು ಸುರಿಸಿಕೊಂಡು ಇನ್ನಷ್ಟು ಚಟ್ನಿ ಕೇಳುತ್ತಿದ್ದ. ರಾಚಪ್ಪ ಪೇಪರು ಓದುತ್ತ ತೂಕಡಿಸುತ್ತಿದ್ದ. ಅವನ ಪಾಲಿಗೆ ಅದು ಬರೀ ಗುದ್ದಾಟ.

ಮ್ಯೂಲ್ಸ್ ಬಗ್ಗೆ ನೀಲಾಳ ಅಭಿಪ್ರಾಯ ಕೇಳದ ಕಿವಿ ಆ ಊರಿನಲ್ಲಿ ಉಳಿದಿರಲಿಲ್ಲ. "ಓಡೋದು ಬಿಟ್ಟು ಎಸೀತಾನ ನೋಡ್ರಿ! ಎಸೆದದ್ದು ಅವರ ಕೈಗೇ ಹೋಗಿ ಬೀಳತೈತಿ. ಎತ್ತು ಓಡತೈತೋ ಹಾರತೈತೋ?" ನಾಲ್ಕನೆಯ ಪ್ರಯತ್ನಕ್ಕೆ ಒಂದೇ ಗಜ ಬಾಕಿ ಇದ್ದರೂ ಹೆದರಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವ ತರಬೇತುದಾರನನ್ನು ಕಂಡರಂತೂ ಅವಳಿಗೆ ಮೈಯೆಲ್ಲ ಉರಿ. "ಕೈಯಾಗಿನ ರೊಟ್ಟಿ ತಾನಾ ಒಯ್ದು ನಾಯಿಗೆ ಹಾಕ್ತಾನ, ಪುಕ್ಕಲ!" ಪ್ರತಿ ಹೊಸ ತರಬೇತುದಾರನೂ ಬಂದು, ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇವೆ, ತಾಳ್ಮೆ ಇರಲಿ ಎನ್ನುತ್ತಿದ್ದ. "ಎಷ್ಟು ವರ್ಷ ಕಟ್ತೀರೋ ಯಪ್ಪಾ? ಮನಿ ಕಟ್ಟಿದ್ರ ಇಷ್ಟೊತ್ತಿಗೆ ಅದರಾಗ ಮೊಮ್ಮಕ್ಕಳು ಆಡ್ತಿದ್ದರು!"

ಅವಳಿಗೆ ಪ್ರೀತಿ ಇದ್ದದ್ದು ಮುಂದಿನ ಸಾಲಿನ ದಡಿಯರ ಮೇಲೆ. ಅವರು ಚೆಂಡು ಮುಟ್ಟುವುದಿಲ್ಲ, ಹೆಗಲು ಕೊಟ್ಟು ತಳ್ಳುವುದಷ್ಟೇ ಅವರ ಕೆಲಸ. ಪೇಪರಿನಲ್ಲಿ ಬರುವುದು ಚೆಂಡು ಎಸೆಯುವ ಚೆಲುವನ ಫೋಟೋ. "ಬಂಡಿ ಎಳಿಯೋವು ಇವು, ಹಾರ ಹಾಕೋದು ಬಂಡಿ ಹೊಡಿಯೋನಿಗೆ," ಎಂದು ಗೊಣಗುತ್ತಿದ್ದಳು. ಈ ಮಾತಿಗೆ ನಾನು ಪೂರ್ತಿ ಅವಳ ಕಡೆ. ಇನ್ನು ಆಟ ಮುಗಿಯುವ ಮುನ್ನ ಎದ್ದು ಹೋಗುವವರನ್ನು ಕಂಡರೆ: "ಗೆದ್ದಾಗ ನಾವು ಗೆದ್ವಿ ಅಂತಾರ, ಸೋತಾಗ ಅವರು ಸೋತ್ರು ಅಂತಾರ. ಇವರೂ ಅಭಿಮಾನಿಗಳಾ?"

ತಂಡದ ಹಳೆಯ ಮಾಲೀಕ ತೀರಿಕೊಂಡು ಹೊಸಬ ಬಂದ. ಅಂಗಿಯ ಬಣ್ಣ ಬದಲಾಯಿತು. ನೀಲಾ ಹೇಗೋ ಸಹಿಸಿಕೊಂಡಳು. ಅಷ್ಟರಲ್ಲಿ ಇನ್ನೊಂದು ನಿಯಮ ಬಂತು: ಲೋಹದ, ಸದ್ದು ಮಾಡುವ ಯಾವ ವಸ್ತುವನ್ನೂ ಒಳಗೆ ತರುವಂತಿಲ್ಲ.

ಗೇಟಿನಲ್ಲಿ ಕಾವಲಿನ ಹೆಂಗಸು ಕೈ ಅಡ್ಡ ಹಿಡಿದಳು. ಪಾಪ, ಒಳ್ಳೆಯವಳು. "ನಿಮಗೆ ಟಿಕೆಟ್ ಇದೆ ಅಮ್ಮಾ, ಗಂಟೆಗೆ ಇಲ್ಲ."

"ಹಂಗಾದ್ರ ನನಗೂ ಬ್ಯಾಡ," ಎಂದಳು ನೀಲಾ. ಕೂದಲು ಬೆಳ್ಳಗಾಗಿದ್ದರೂ ಹಟ ಬೆಳ್ಳಗಾಗಿರಲಿಲ್ಲ.

"ನೀ ಒಳಗ ಹೋಗು ಮಾರಾಯ್ತಿ," ಎಂದ ರಾಚಪ್ಪ. "ನಾ ಗಂಟಿ ಹಿಡಕೊಂಡು ಕಾರಿನ್ಯಾಗ ಕುಂದರತೀನಿ. ನನಗೇನು, ಎಲ್ಲಿ ಕುಂತರೂ ನಿದ್ದಿ ಬರತೈತಿ."

"ಇದನ್ನ ಸುಮ್ಮ ಕುಂದರಸಬ್ಯಾಡ ಅಂತ ಅಪ್ಪ ಹೇಳ್ಯಾನ್ರಿ. ಇದು ಹೊರಗಂದ್ರ ನಾನೂ ಹೊರಗ."

ಆ ಹಳೆಯ ಮೈದಾನದ ಒಂದು ತುದಿಯಲ್ಲಿ ಕೂರುವ ಜಾಗವಿರಲಿಲ್ಲ. ಅಲ್ಲಿ ಬರೀ ತಂತಿಬೇಲಿ, ಬೇಲಿಯ ಆಚೆ ಕಾರು ನಿಲ್ಲಿಸುವ ಬಯಲು. ಅಂದಿನಿಂದ ಬೇಲಿಗೆ ಒತ್ತಿ ಕಾರು ನಿಲ್ಲಿಸಿ, ರೇಡಿಯೊ ಹಚ್ಚಿ, ಗಂಡಹೆಂಡತಿ ಅಲ್ಲೇ ಕೂತರು. ನಾನು ನೀಲಾಳ ಮಡಿಲಲ್ಲಿ. ನನ್ನಿಂದಾಗಿ ಅವಳು ಹೊರಗೆ ಕೂತಳಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ನೋಡಿ ವಿಚಿತ್ರ! ಅದೇ ವರ್ಷ ಮ್ಯೂಲ್ಸ್ ಎದ್ದು ನಿಂತಿತು. ಹೊಸ ತರಬೇತುದಾರ ಒಂದು ಕಾಲಕ್ಕೆ ಮುಂದಿನ ಸಾಲಿನಲ್ಲಿ ಆಡಿದ್ದ ದಡಿಯ. ಎಸೆತ ಕಡಿಮೆ ಮಾಡಿ ಓಟ ಹೆಚ್ಚಿಸಿದ. "ಕಡೀಗೂ ಎತ್ತಿನ ಗುಣ ಬಲ್ಲವ ಒಬ್ಬ ಬಂದ!" ಎಂದು ನೀಲಾ ರೇಡಿಯೊ ತಟ್ಟಿದಳು. ಗೆಲ್ಲುತ್ತ ಗೆಲ್ಲುತ್ತ ಮತ್ತೆ ಅದೇ ಮೆಟ್ಟಿಲಿಗೆ ಬಂದರು: ಅದೇ ಅಡ್ಮಿರಲ್ಸ್, ಗೆದ್ದರೆ ಕಪ್ಪಿನ ಆಟ.

ಆ ಮಧ್ಯಾಹ್ನ ಹಿಮ ಬೀಳುತ್ತಿತ್ತು. ಕೊನೆಯ ಗಳಿಗೆಗೆ ಮ್ಯೂಲ್ಸ್ ಒಂದೇ ಅಂಕ ಮುಂದೆ. ಅಡ್ಮಿರಲ್ಸ್‌ನವನೊಬ್ಬ ಉದ್ದನೆಯ ಎಸೆತ ಹಿಡಿದು ನಮ್ಮ ಬೇಲಿಯ ಕಡೆಗೇ ಓಡಿ ಬಂದು ಬಿದ್ದ. ಇನ್ನು ಒಂದು ಒದೆತ, ಅಷ್ಟೇ. ನಮ್ಮ ಕಣ್ಣೆದುರಿನ ಕಂಬಕ್ಕೇ ಗುರಿಯಿಟ್ಟು ಸಾಲುಗಟ್ಟಿದರು. ಒಳಗಿನ ಜನರ ಎದೆಯೇ ಒಡೆದಿತ್ತು. ಕಿರುಚಬೇಕಾದ ಹೊತ್ತಿನಲ್ಲಿ ಅಷ್ಟೂ ಮಂದಿ ಬಾಯಿಗೆ ಕೈಯಿಟ್ಟು ಸುಮ್ಮನಾದರು. ಕೆಲವರು ಎದ್ದು ಹೊರಟೇಬಿಟ್ಟಿದ್ದರು.

"ಅಯ್ಯ ಇವರ! ಚೆಂಡು ಅವರ ಕೈಯಾಗ ಐತಿ, ಸುಮ್ಮ ಕುಂತಾರಲ್ರೀ!" ನೀಲಾ ಕಾರಿನಿಂದ ಇಳಿದಳು. ಬೇಲಿ ಎತ್ತರ. ನೋಡುತ್ತಾಳೆ, ರಾಚಪ್ಪ ಪೇಪರು ಬಿಸುಟು ತಾನೇ ಇಳಿದು ಬಂದಿದ್ದಾನೆ! ಹೆಂಡತಿಯ ರಟ್ಟೆ ಹಿಡಿದು ಕಾರಿನ ಬಾನೆಟ್ಟಿನ ಮೇಲೆ ಹತ್ತಿಸಿದ. ಎಂದೂ ತೂಕಡಿಕೆ ಬಿಡದ ಆ ಮನುಷ್ಯ ಕೂಗಿದ: "ಬಾರಸ, ನೀಲಾ! ಬಾರಸ!"

ಗಂಟೆ ಒಳಗೆ ಬರಬಾರದು ಎಂದಿದ್ದರು. ಗಂಟೆಯ ದನಿ ಬರಬಾರದು ಎಂದು ಯಾರು ಹೇಳಿದ್ದರು?

ನೀಲಾ ಬೆರಳು ಬಿಟ್ಟಳು. ಹೊಳೆ ದಾಟಿ ಕೇಳಿದ ದನಿ ನನ್ನದು, ಒಂದು ತಂತಿಬೇಲಿ ಯಾವ ಲೆಕ್ಕ! ಆ ನಿಶ್ಶಬ್ದದೊಳಕ್ಕೆ ನುಗ್ಗಿದೆ. ಒಳಗೆ ಒಬ್ಬ ಮುದುಕ ಎದ್ದು ನಿಂತದ್ದು ಕಂಡಿತು. ವಾಲ್ಟ್. "ಅದು ನೀಲಾ! ಏಳಿ, ಕೂಗಿ!" ಚಟ್ನಿ ತಿಂದ ಆ ಸಾಲು ಎದ್ದಿತು, ಅದರ ಹಿಂದಿನ ಸಾಲು ಎದ್ದಿತು, ಹೊರಟವರು ಮೆಟ್ಟಿಲಿನಲ್ಲೇ ತಿರುಗಿ ನಿಂತರು. ಮೈದಾನವೆಲ್ಲ ಒಂದೇ ಗಂಟಲಾಯಿತು.

ಅಡ್ಮಿರಲ್ಸ್‌ನ ಒಬ್ಬ ದಡಿಯ ಬೆಚ್ಚಿ ಮುಂದಕ್ಕೆ ಹಾರಿದ. ಐದು ಗಜ ಹಿಂದೆ! ಮತ್ತೆ ನಿಂತು ಒದ್ದರು. ಚೆಂಡು ಹಿಮದಲ್ಲಿ ತಿರುಗುತ್ತ ನಮ್ಮ ಕಡೆಗೇ ಬಂತು. ಅಡ್ಡಕಂಬಿಯ ಒಂದು ಗೇಣು ಕೆಳಗೆ, ಅಂದು ಬಿದ್ದಷ್ಟೇ ಕೆಳಗೆ, ದೊಪ್ಪನೆ ಬಿತ್ತು.

"ಗೆದ್ವಿ!" ನೀಲಾ ಬಾನೆಟ್ಟಿನ ಮೇಲೆ ಕುಣಿದಳು. ಕಾರಿಗೆ ಬಿದ್ದ ಗುಳಿ ಇಂದಿಗೂ ಇದೆ. ಕಾವಲಿನ ಹೆಂಗಸು ಓಡಿ ಬಂದು ಗೇಟು ತೆರೆದಳು. "ಆಟ ಮುಗಿಯಿತಲ್ಲ ಅಮ್ಮಾ, ಈಗ ಬನ್ನಿ!" ವಾಲ್ಟ್ ಬೇಲಿಯ ಹತ್ತಿರ ಅಳುತ್ತ ನಿಂತಿದ್ದ.

"ವಾಲ್ಟಣ್ಣಾ, ಶಾಪ ಹೋತೋ ಇಲ್ಲೋ ಹೇಳು," ಎಂದು ನೀಲಾ ಕನ್ನಡದಲ್ಲೇ ಕೇಳಿದಳು. ಅವನಿಗೆ ಏನು ತಿಳಿಯಿತೋ, ಹೌದೆಂದು ತಲೆಯಾಡಿಸಿದ. ಅಂದು ಅವಳು ಅತ್ತ ಅಳುವೂ ಬೇರೆ, ಮೊದಲ ದಿನದ ಅಳುವೂ ಬೇರೆ.

ಕಪ್ಪಿನ ಆಟವನ್ನೂ ಮ್ಯೂಲ್ಸ್ ಗೆದ್ದಿತು. ಮೆರವಣಿಗೆಯ ಮುಂದೆ ನಿಜವಾದ ಹೇಸರಗತ್ತೆಯೊಂದು ನಡೆಯಿತು, ಹೆಸರು ಪರ್ಲ್. ನೀಲಾ ನನ್ನನ್ನು ಅದರ ಕೊರಳಿಗೆ ಕಟ್ಟಿದಳು. ಸಾರಂಗನ ನಂತರ ನನಗೆ ಸಿಕ್ಕ ಮೊದಲ ಬಿಸಿ ಕೊರಳು. ಇಷ್ಟು ವರ್ಷ ಮೂಗು ಮುರಿದವನು ನಾನೇ, ಒಪ್ಪುತ್ತೇನೆ. ಆದರೆ ಪರ್ಲ್ ಹೆಜ್ಜೆ ಹಾಕಿದಾಗ ನಾನು ಕುಣಿದದ್ದು ಕಾರಹುಣ್ಣಿಮೆಯ ಕುಣಿತವೇ. ಹಿಂದಿನ ಲಾರಿಯಲ್ಲಿ ನೀಲಾ ಆ ದಡಿಯರ ನಡುವೆ ನಿಂತು, ಒಬ್ಬೊಬ್ಬನ ಕೊರಳಿಗೂ ಹಾರ ಹಾಕಿದಳು.

ಅದಾದ ಮೇಲೆ ಹೊಸ ಮಾಲೀಕ ಮನೆಗೇ ಬಂದ. ಗಂಟೆ ಕೊಡಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಎಲ್ಲರಿಗೂ ತೋರಿಸುತ್ತೇವೆ ಎಂದ. ನೀಲಾ ಅವನಿಗೆ ಚಹಾ ಕೊಟ್ಟಳು, ನನ್ನನ್ನು ಕೊಡಲಿಲ್ಲ. "ಗಾಜಿನ್ಯಾಗ ಇಟ್ರ ಸತ್ತಂಗ. ಮೊದಲ ಇದನ್ನ ಒಳಗ ಬಿಡ್ರಿ," ಎಂದಳು, ರಾಚಪ್ಪ ಅದನ್ನು ಇಂಗ್ಲಿಷಿನಲ್ಲಿ ಇನ್ನೂ ಖಾರ ಹಾಕಿ ಹೇಳಿದ.

ಈಗ ನನಗೆ ವಯಸ್ಸಾಗಿದೆ. ಅಂಚಿನಲ್ಲಿ ಸಣ್ಣ ಬಿರುಕು, ದನಿ ತುಸು ಒಡಕು. ನೀಲಾಳದೂ ಹಾಗೇ. ಆದರೆ ಗೇಟಿನಲ್ಲಿ ಅವಳು ಟಿಕೆಟ್ಟುಗಳನ್ನು ಚಾಚಿದಾಗ ಅದೇ ಕಾವಲಿನ ಹೆಂಗಸು ನಗುತ್ತಾಳೆ. ಒಂದು ಅವಳದು, ಒಂದು ರಾಚಪ್ಪನದು, ಒಂದು ನನ್ನದು. ವಾಲ್ಟ್ ಮತ್ತು ನೀಲಾ ನಡುವೆ ನನಗೂ ಒಂದು ಸೀಟು. ಆದರೂ ನಾನು ಕೂರುವುದು ನೀಲಾಳ ಮಡಿಲಲ್ಲೇ. ನನ್ನ ಸೀಟಿನಲ್ಲಿ ರೊಟ್ಟಿಯ ಡಬ್ಬಿ ಕೂರುತ್ತದೆ.

ಈ ವರ್ಷ ಮತ್ತೊಬ್ಬ ಚೆಲುವ ಬಂದಿದ್ದಾನೆ, ಮತ್ತೆ ಎಸೆಯುತ್ತಾನೆ. "ಓಡೋ ಮಂಗ್ಯಾ!" ಎಂದು ನೀಲಾ ಪಿಸುಗುಟ್ಟುತ್ತಾಳೆ, ನಮ್ಮವರ ಕೈಲಿ ಚೆಂಡಿರುವಾಗ ಕೂಗಬಾರದಲ್ಲ. ಅವಳ ಎರಡು ಬೆರಳು ನನ್ನ ನಾಲಿಗೆಯನ್ನು ಹಿಡಿದಿವೆ. ಎಸೆದ. ಅಯ್ಯೋ, ಅವರ ಕೈಗೇ ಹೋಯಿತು.

ನೀಲಾ ಬೆರಳು ಬಿಟ್ಟಳು.