ಬುಟ್ಟಿಯಲ್ಲಿ ಸಾಗಿಸಿದ ಮೊಟ್ಟೆಗಳು

ಕಡ್ಡಿಯ ತಾಯಿ ಕಡಲಾಮೆಗಳ ಕಾವಲುಗಾತಿ. ಬೆಳಕು ಹರಿಯುವಾಗಲೇ ಹೆಗಲಿಗೆ ಬಲೆಯ ಸುರುಳಿ ಹಾಕಿಕೊಂಡು ದಂಡೆಯುದ್ದಕ್ಕೂ ನಡೆಯುವುದು, ಆಮೆ ಬಂದುಹೋದ ಜಾಡು ಹಿಡಿದು ಗೂಡು ಹುಡುಕುವುದು, ಸುತ್ತ ಬೇಲಿ ಕಟ್ಟಿ ತಾರೀಖಿನ ಹಲಗೆ ನೆಡುವುದು ಅವಳ ಕೆಲಸ. ಆಮೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ಆ ವರ್ಷ ಸಿಕ್ಕಿದ್ದು ನಾಲ್ಕೇ ಗೂಡು.

ಅವುಗಳಲ್ಲಿ ಮೊದಲನೆಯದನ್ನು ಕಂಡುಹಿಡಿದವರು ಕಡ್ಡಿ ಮತ್ತು ಅವಳ ಗೆಳತಿ ಗುಂಡಮ್ಮ. ಗುಂಡಮ್ಮನ ಅಪ್ಪ ಮೀನಿನ ದೋಣಿಗಳು ನಿಲ್ಲುವ ಧಕ್ಕೆಯ ಐಸ್ ಕಾರ್ಖಾನೆಯಲ್ಲಿ ಮಂಜುಗಡ್ಡೆ ಒಡೆಯುವವನು. ಹತ್ತು ವರ್ಷದ ಈ ಇಬ್ಬರು, ಒಬ್ಬಳು ಸಪೂರ, ಇನ್ನೊಬ್ಬಳು ಗುಂಡಗೆ, ಜೊತೆಯಾಗಿ ನಡೆದರೆ ಹತ್ತರ ಅಂಕಿಯೇ ನಡೆದುಬಂದಂತಿದೆ ಎಂದು ಮೇಷ್ಟ್ರು ತಮಾಷೆ ಮಾಡುತ್ತಿದ್ದರು. ಗೂಡು ಕಂಡವರೇ ಅದರ ಯಜಮಾನಿಯರು ಎಂದು ಕಾವಲುಗಾತಿ ಹೇಳಿದ್ದೇ ತಡ, ಇಬ್ಬರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಶಾಲೆಗೆ ಮುಂಚೆ ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಹೋಗಿ ನಾಯಿ ಓಡಿಸಿ, ಏಡಿಯ ತೂತು ಮುಚ್ಚಿ ಬರುತ್ತಿದ್ದರು.

ಗೂಡು ಸಿಕ್ಕ ಇಪ್ಪತ್ತೆರಡನೆಯ ದಿನ ಕಾವಲುಗಾತಿ ಕಚೇರಿ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದಳು. ಕಡ್ಡಿ ಜ್ವರದಿಂದ ಮಲಗಿದ್ದಳು. ಮಧ್ಯಾಹ್ನ ಗುಂಡಮ್ಮ ಏದುಸಿರು ಬಿಡುತ್ತ ಬಂದು, ಅಲೆ ಬೇಲಿಯ ಬುಡಕ್ಕೇ ಬಂದಿದೆ, ಏನು ಮಾಡಲಿ ಎಂದಳು. ಕಡ್ಡಿ ಹೊದಿಕೆ ಸರಿಸಿ ಎದ್ದು ಕೂತಳು.

"ಬುಟ್ಟಿಗೆ ಹಾಕ್ಕೊಂಡು ಮೇಲ್ಗಡೆ ಹೂತುಬಿಡೇ. ನಮ್ಮಮ್ಮನೂ ಹಾಗೇ ಮಾಡೋದು. ನಾನೇ ನೋಡಿದೀನಿ."

ಅವಳು ನೋಡಿದ್ದು ನಿಜ. ಆದರೆ ಅಮ್ಮ ಸಾಗಿಸುತ್ತಿದ್ದುದು ಆಗತಾನೇ ಇಟ್ಟ ಮೊಟ್ಟೆಗಳನ್ನು. ಆ ವ್ಯತ್ಯಾಸ ಕಡ್ಡಿಗೆ ಗೊತ್ತಿರಲಿಲ್ಲ. ಗುಂಡಮ್ಮ ಮೀನಿನ ಬುಟ್ಟಿ ತಂದು, ಬರಿಗೈಯಲ್ಲಿ ಅಗೆದು, ನೂರಾ ಹನ್ನೊಂದು ಮೊಟ್ಟೆಗಳನ್ನು ಮೂರು ಸಲಕ್ಕೆ ಹೊತ್ತು ಮೇಲಿನ ದಿಬ್ಬದಲ್ಲಿ ಹೂತಳು. ಒಂದೂ ಒಡೆಯಲಿಲ್ಲ.

ಮರುದಿನ ಕಾವಲುಗಾತಿ ಹಿಂದಿರುಗಿದಾಗ ಗುಂಡಮ್ಮನೇ ಕೈಹಿಡಿದು ಕರೆದೊಯ್ದು ಹೊಸ ಗೂಡು ತೋರಿಸಿದಳು. ಜ್ವರ ಇಳಿದಿದ್ದ ಕಡ್ಡಿಯೂ ಹಿಂದೆಯೇ ಹೋಗಿದ್ದಳು. ಕಾವಲುಗಾತಿ ದಿಬ್ಬದ ಪಕ್ಕ ಕುಸಿದು ಕೂತಳು. ಗುಂಡಮ್ಮನತ್ತ ತಿರುಗಿ ಕೇಳಿದಳು:

"ಹೀಗೆ ಮಾಡು ಅಂತ ಯಾರು ಹೇಳಿದ್ರು ನಿನಗೆ?"

ಗುಂಡಮ್ಮ ಗೆಳತಿಯ ಮುಖ ನೋಡಿದಳು. ಕಡ್ಡಿ ನೆಲ ನೋಡುತ್ತಿದ್ದಳು.

"ಯಾರೂ ಹೇಳಿಲ್ಲ, ಚಿಕ್ಕಮ್ಮ. ನನಗೇ ಅನ್ನಿಸ್ತು."

ಕಾವಲುಗಾತಿ ಬೈಯಲಿಲ್ಲ. ಮೊದಲ ಕೆಲವು ಗಂಟೆ ಕಳೆದರೆ ಮರಿ ಒಳಗೆ ಚಿಪ್ಪಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಮಗ್ಗುಲು ಬದಲಿಸಿದರೂ ಉಳಿಯುವುದು ಕಷ್ಟ ಎಂದು ಮೆಲ್ಲಗೆ ತಿಳಿಸಿದಳು. ಆದರೂ ಬೇಲಿ ಕಟ್ಟೋಣ, ಒಂದೆರಡಾದರೂ ಬದುಕಿದ್ದಾವು ಎಂದಳು.

ಕಾದರು. ದಿನವೂ ಬೆಳಿಗ್ಗೆ ಕಡ್ಡಿ ಇವತ್ತು ಅಮ್ಮನಿಗೆ ಹೇಳಿಬಿಡುತ್ತೇನೆ ಎಂದುಕೊಂಡೇ ಏಳುವಳು. ಅಮ್ಮ ಎದುರಿಗೆ ಬಂದರೆ ಬೇರೇನೋ ಮಾತಾಡಿ ಜಾರಿಕೊಳ್ಳುತ್ತಿದ್ದಳು. ಗುಂಡಮ್ಮ ಒಂದು ದಿನವೂ ಆ ಮಾತು ಎತ್ತಲಿಲ್ಲ. ಒಂದಾದರೂ ಮರಿ ಹೊರಗೆ ಬರುತ್ತದೆ ಅಲ್ಲವಾ ಎಂದು ಮಾತ್ರ ಕೇಳುತ್ತಿದ್ದಳು.

ಅರವತ್ತೈದನೆಯ ದಿನ ಕಾವಲುಗಾತಿ ಗೂಡು ತೆರೆದಳು. ಮೊಟ್ಟೆಗಳೆಲ್ಲ ಗುಳಿಬಿದ್ದು ಹಳದಿಗಟ್ಟಿದ್ದವು. ಕೆಲವನ್ನು ಒಡೆದು ನೋಡಿದಳು. ಒಳಗೆ ಬೆರಳಿನ ಗೆಣ್ಣಿಗಿಂತ ಚಿಕ್ಕ ಮರಿಗಳು, ಸಾಸಿವೆಯಂಥ ಕಣ್ಣುಗಳು. ಗುಂಡಮ್ಮ ನೂರಾ ಹನ್ನೊಂದನ್ನೂ ಎಣಿಸಿದಳು. ಎಣಿಸಿ ಮುಗಿದ ಮೇಲೆ ಮರಳಿನ ಮೇಲೆ ಬೋರಲು ಬಿದ್ದು ಅತ್ತಳು. ಕಡ್ಡಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆಗಲೂ ಹೇಳಲಿಲ್ಲ.

ಸುದ್ದಿ ಶಾಲೆ ಸೇರಿತು. ಹಿಂದಿನ ಬೆಂಚಿನವರು ಗುಂಡಮ್ಮನನ್ನು 'ಆಮೆ ಕೊಂದವಳು' ಎಂದು ಕರೆಯತೊಡಗಿದರು. ಮೊದಲ ಸಲ ಇಡೀ ತರಗತಿ ನಕ್ಕಾಗ ಗುಂಡಮ್ಮ ಪಕ್ಕದಲ್ಲಿ ಕೂತಿದ್ದ ಗೆಳತಿಯತ್ತ ತಿರುಗಿದಳು. ಕಡ್ಡಿ ಪುಸ್ತಕದೊಳಗೆ ಮುಖ ಹುದುಗಿಸಿದಳು. ಮಾರನೆಯ ದಿನದಿಂದ ಗುಂಡಮ್ಮ ದಂಡೆಗೆ ಬರಲಿಲ್ಲ. ತರಗತಿಯಲ್ಲಿ ಕಿಟಕಿ ಪಕ್ಕದ ಬೆಂಚಿಗೆ ಹೋಗಿ ಕೂತಳು.

ನಾಲ್ಕು ದಿನ ಕಡ್ಡಿಗೆ ಊಟ ಸೇರಲಿಲ್ಲ. ಐದನೆಯ ದಿನ, ಪಾತ್ರೆ ತೊಳೆಯುತ್ತಿದ್ದ ಅಮ್ಮನ ಬೆನ್ನ ಹಿಂದೆ ನಿಂತು ಎಲ್ಲ ಹೇಳಿದಳು. ಅಮ್ಮ ಕೈ ಒರೆಸಿಕೊಂಡು ತಿರುಗಿದಳು.

"ನನ್ನ ಹತ್ರ ಹೇಳಿದ್ರೆ ಸಾಕಾ, ಮಗಳೇ?"

ಇಬ್ಬರೂ ಐಸ್ ಕಾರ್ಖಾನೆಯ ಹಿಂದಿನ ಮನೆಗೆ ಹೋದರು. ಗುಂಡಮ್ಮನ ಅಪ್ಪ ಅಮ್ಮ ಇಬ್ಬರೂ ಇದ್ದರು. ಅವರೆದುರಿಗೇ ಕಡ್ಡಿ ತಪ್ಪೊಪ್ಪಿಕೊಂಡಳು. ಗುಂಡಮ್ಮ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಮೊಟ್ಟೆ ವಿಷಯಕ್ಕೆ ನನಗೆ ಸಿಟ್ಟಿಲ್ಲ ಕಣೇ," ಎಂದಳು. "ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಅವರೆಲ್ಲ ನಗ್ತಿದ್ದಾಗ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ."

ತಂಗಿಗೆ ನಿದ್ದೆ ಬಂದಿದೆ ಎಂದು ಒಳಗೆ ಹೋದಳು. ಅವಳ ಅಮ್ಮ ಇವರಿಗೆ ನೀರು ಕೊಟ್ಟು, ಮಕ್ಕಳ ಜಗಳ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದಳು.

ಸರಿಹೋಗಲಿಲ್ಲ. ಮರುದಿನ ಕಡ್ಡಿ ತರಗತಿಯಲ್ಲಿ ಎದ್ದು ನಿಂತು, ಸಾಗಿಸಲು ಹೇಳಿದವಳು ನಾನು ಎಂದಳು. ನಡೆದದ್ದನ್ನು ಪೂರ್ತಿ ಹೇಳಿದಳು. ಅಡ್ಡಹೆಸರು ಆಮೇಲೆ ಅವಳಿಗೇ ಅಂಟಿತು. ಗುಂಡಮ್ಮ ನಗಲೂ ಇಲ್ಲ, ಹಳೆಯ ಜಾಗಕ್ಕೆ ಬರಲೂ ಇಲ್ಲ.

ಕೊನೆಗೆ ಉಳಿದಿದ್ದ ಗೂಡೊಂದು ಒಂದು ಮುಂಜಾನೆ ಒಡೆದು ಮರಿಗಳು ಹೊರಬರತೊಡಗಿದವು. ಹೋಗಿ ಗುಂಡಮ್ಮನನ್ನು ಕರೆದುಕೊಂಡು ಬಾ ಎಂದು ಅಮ್ಮ ಹೇಳಿದಳು. ಕಡ್ಡಿ ಓಡಿ ಹೋಗಿ ಬಾಗಿಲು ತಟ್ಟಿದಳು. ಅವಳು ಎದ್ದಿದ್ದಾಳೆ, ಬರುವುದಿಲ್ಲವಂತೆ ಎಂದ ಗುಂಡಮ್ಮನ ಅಪ್ಪ, ತಾನೇ ತಪ್ಪು ಮಾಡಿದವನಂತೆ ಕತ್ತು ತುರಿಸಿಕೊಳ್ಳುತ್ತ.

ಕಡ್ಡಿ ಒಬ್ಬಳೇ ಹಿಂದಿರುಗಿ ಕಾಗೆಗಳನ್ನು ಓಡಿಸುತ್ತ ನಿಂತಳು. ಎಂಬತ್ತಮೂರು ಮರಿಗಳು ನೀರು ಸೇರಿದವು. ಸಂತೋಷವಾಯಿತು, ಆ ಸಂತೋಷವನ್ನು ಹೇಳಿಕೊಳ್ಳಲು ತಿರುಗಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಅಮ್ಮ ದೂರದಲ್ಲಿ ಬೇಲಿ ಕೀಳುತ್ತಿದ್ದಳು. ಕಡ್ಡಿ ಕಣ್ಣೊರೆಸಿಕೊಂಡು ಅವಳೊಂದಿಗೆ ಕೈಜೋಡಿಸಲು ಹೋದಳು.