ಹಾಳುಬಾವಿ ದಾರಿಯ ಮರ

ಕಂಪ್ಯೂಟರಿನ ಮೇಲೆ ರೇಗುವುದು ನನಗೆ ಹೊಸದಲ್ಲ, ಹೊಟ್ಟೆಪಾಡೇ ಅದು. ತಿಪಟೂರು ಬಸ್‌ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇಟ್ಟವಳು ನಾನು, ಪವಿತ್ರ. ಆದರೆ ಆ ಮಧ್ಯಾಹ್ನ ಬಂದ ಸಿಟ್ಟೇ ಬೇರೆ. ಹಾಳು ಕಂಪ್ಯೂಟರು ನನ್ನ ಗೆಳತಿಯನ್ನು ನಡುನೀರಿನಲ್ಲಿ ನಿಲ್ಲಿಸಿಬಿಟ್ಟಿತ್ತು.

ಗೆಳತಿ ಎಂದರೆ ಸ್ಪಂದನ, ಅರಳಗುಪ್ಪೆಯವಳು. ಕರಾವಳಿಯ ಒಂದು ಸಣ್ಣ ಬಂದರಿನಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಾಳೆ. ತೆಂಗಿನ ತೋಟದ ಹುಡುಗಿಗೆ ಸಮುದ್ರ ಯಾಕೆ ಎಂದು ಊರೆಲ್ಲ ಆಡಿಕೊಂಡಿತ್ತು. ಅವಳು ಕ್ಯಾರೇ ಅನ್ನಲಿಲ್ಲ.

ಅವಳಮ್ಮ ಕೆಂಚಮ್ಮತ್ತೆ ಆಗ ನನ್ನ ಅಂಗಡಿಯಲ್ಲೇ ಕೂತಿದ್ದರು. ತೋಟದ ಬದುವಿನ ಮೇಲಿದ್ದ ಮುದಿ ಮರವನ್ನು ಕಡಿಯಲು ಶಿವಣ್ಣನಿಗೆ ಹೇಳಿ ಬಂದು, ಬಸ್ಸಿಗೆ ಕಾಯುತ್ತಿದ್ದರು.

"ನಾಳೆ ಗರಗಸ ತತ್ತಾನಂತೆ ಕಣವ್ವ. ಬರೀ ಗೊಡ್ಡು ಮರ, ಮಡಿಕ್ಕೊಂಡು ಏನ್ ಮಾಡಾನ?" ಎಂದರು.

ಅಷ್ಟರಲ್ಲಿ ಫೋನ್ ಬಂತು. ಗಾಳಿಯ ಸದ್ದಿನ ನಡುವೆ ಸ್ಪಂದನಳ ದನಿ.

"ಪವೀ, ಲ್ಯಾಪ್‌ಟಾಪು ಅದರಷ್ಟಕ್ಕೇ ಅಪ್‌ಡೇಟ್ ಆಗೋಯ್ತು ಕಣೇ. ದಾರಿ ತೋರ್ಸೋ ಸಾಫ್ಟ್‌ವೇರ್ ಓಪನ್ ಮಾಡಿದ್ರೆ, ಇದು ಅಪಾಯ, ತಡೆದಿದೀವಿ ಅಂತದೆ."

ಮೂರು ವರ್ಷದಿಂದ ಅದನ್ನೇ ನಂಬಿ ದೋಣಿ ನಡೆಸಿದವಳು. ಬಂದರಿನ ಬಾಯಲ್ಲಿ ಎರಡೂ ಕಡೆ ನೀರೊಳಗೆ ಬಂಡೆಗಳಿವೆ. ನಡುವಿನ ಓಣಿಯನ್ನು ತೋರಿಸುತ್ತಿದ್ದದ್ದು ಆ ಸಾಫ್ಟ್‌ವೇರೇ. ಫೋನಿನ ಮ್ಯಾಪಿನಲ್ಲಿ ಆ ಬಂಡೆಗಳಿಲ್ಲ. ದೋಣಿಯಲ್ಲಿ ಕಲಿಯಲು ಬಂದ ಇಬ್ಬರು ಬೇರೆ. ಮೋಡ ಕಟ್ಟಿತ್ತು, ಮಳೆಗಾಳಿ ಏಳುವ ಮೊದಲು ಒಳಗೆ ಸೇರಲೇಬೇಕು.

ಸೆಟ್ಟಿಂಗ್ಸಿಗೆ ಹೋಗಿ ಆ ತಡೆ ತೆಗೆ ಎಂದೆ. ಅದು ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಇದ್ದದ್ದು ಅವಳು ಕಲಿಸುವ ದೋಣಿ ಶಾಲೆಯ ಮಾಲೀಕ ಸೂರ್ಯಪ್ರಕಾಶ್ ಬಳಿ, ಆತ ಫೋನೇ ಎತ್ತುತ್ತಿಲ್ಲ.

"ನಂಬರ್ ಕೊಡು, ಆವಯ್ಯನ್ನ ನಾನು ಹಿಡೀತೀನಿ" ಎಂದೆ. ನಂಬರ್ ಹೇಳಿ ಮುಗಿಸುವಷ್ಟರಲ್ಲಿ ಸಿಗ್ನಲ್ ಹೋಯಿತು.

"ಏನವ್ವಾ ಆಯ್ತು ನನ್ ಮಗೀಗೆ?"

ಕೆಂಚಮ್ಮತ್ತೆಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದು ಹೇಳಿದೆ. ಅವರ ಬಸ್ಸು ಬಂದು ನಿಂತು ಹೋಯಿತು. ಅವರು ಏಳಲಿಲ್ಲ.

ನಾನು ಫೋನ್ ಮಾಡುತ್ತಲೇ ಇದ್ದೆ, ಬೈಯುತ್ತಲೂ ಇದ್ದೆ. ಮನೆಯವರನ್ನೇ ಆಚೆ ನಿಲ್ಲಿಸುವ ಕಾವಲಿಗೆ ಬೆಂಕಿ ಬೀಳ! ಕೊನೆಗೂ ಸೂರ್ಯಪ್ರಕಾಶ್ ಫೋನ್ ಎತ್ತಿದ, ಯಾವುದೋ ಮದುವೆಯ ಓಲಗದ ನಡುವಿನಿಂದ. ಪಾಸ್‌ವರ್ಡ್ ಹೇಳಿಸಿಕೊಂಡು ಸ್ಪಂದನಳಿಗೆ ಮಾಡಿದೆ. ಪುಣ್ಯಕ್ಕೆ ರಿಂಗ್ ಆಯಿತು.

"ಬರ್ಕೊಳ್ಳೇ ಪಾಸ್‌ವರ್ಡು!"

"ಬ್ಯಾಡ ಬುಡೇ. ದಡಕ್ಕೆ ಬಂದು ಹಗ್ಗ ಕಟ್ಟಾಯ್ತು."

"ಅಯ್ಯೋ, ಹೆಂಗೇ ಬಂದೆ?"

"ಬೆಳಿಗ್ಗೆ ಆಚೆ ಹೋಗ್ವಾಗ ತಿರುಗಿ ನೋಡ್ಕೊಂಡಿದ್ದೆ. ಓಣಿ ಉದ್ದಕ್ಕೂ ಲೈಟ್‌ಹೌಸು ಹಿಂದಿನ ಗುಡ್ಡದ ನೀರಿನ ಟ್ಯಾಂಕನ್ನ ಮುಚ್ಕೊಂಡಿತ್ತು. ಬರ್ವಾಗ್ಲೂ ಹಂಗೇ ಹಿಡ್ಕೊಂಡು ಬಂದೆ. ಟ್ಯಾಂಕ್ ಒಂಚೂರು ಇಣುಕಿದ್ರೂ ದೋಣಿ ತಿರುಗ್ಸಿ ಸರಿ ಮಾಡೋದು. ಅಮ್ಮ ಇವತ್ತು ತಿಪಟೂರಿಗೆ ಬರ್ತೀನಿ ಅಂದಿತ್ತು, ಅಲ್ಲೇ ಅದಾ? ಕೊಡು."

ಸ್ಪೀಕರ್ ಹಾಕಿದೆ.

"ಅಮ್ಮಾ, ನಮ್ ಹಾಳುಬಾವಿ ದಾರಿ ಕಣಮ್ಮ. ಮುದಿ ಮರದ ಹಿಂದೆ ಪಂಪ್‌ಹೌಸ್ ಬಾಗಿಲು ಕಾಣ್ದಂಗೆ ನಡ್ಕಂಡು ಬಾ ಅಂತಿದ್ದಲ್ಲಾ, ಅದೇ."

ಅವರ ತೋಟದಲ್ಲಿ ಕಟ್ಟೆ ಇಲ್ಲದ ಬಾವಿಯೊಂದಿದೆ. ಗಿಡ ಬೆಳೆದು ಅದರ ಬಾಯೇ ಕಾಣುವುದಿಲ್ಲ. ಬಾವಿಗೆ ಬೀಳದಿರಲಿ ಎಂದು ಚಿಕ್ಕಂದಿನಲ್ಲಿ ಕೆಂಚಮ್ಮತ್ತೆ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದ ದಾರಿ ಅದು. ನಾನು ಮರೆತೇಬಿಟ್ಟಿದ್ದೆ. ನನ್ನ ಸ್ಪಂದನ ಅದನ್ನು ಸಮುದ್ರದವರೆಗೂ ಹೊತ್ತುಕೊಂಡು ಹೋಗಿದ್ದಳು! ಹೆಮ್ಮೆಗೆ ನನ್ನ ಕಣ್ಣು ತುಂಬಿ ಬಂತು.

"ಉಂಡ್ಯಾ?" ಎಂದಷ್ಟೇ ಕೇಳಿ ಕೆಂಚಮ್ಮತ್ತೆ ಫೋನ್ ವಾಪಸ್ ಕೊಟ್ಟರು. ಆಮೇಲೆ ಶಿವಣ್ಣನಿಗೆ ಫೋನ್ ಹಚ್ಚಿಕೊಡು ಎಂದರು.

"ಶಿವಣ್ಣಾ, ನಾಳೆ ಬರ್ಬ್ಯಾಡ ಕಣಪ್ಪ. ಮರ ಇರ್ಲಿ."

"ಯಾಕಮ್ಮ? ಗೊಡ್ಡು ಮರ ಅಂದ್ರಲ್ಲಾ?"

"ಯಾವಳ್ಲಾ ಅಂದೋಳು ಗೊಡ್ಡು ಅಂತ?" ಎಂದು ಕೆಂಚಮ್ಮತ್ತೆ ಅವನ ಮೇಲೇ ರೇಗಿದರು.